ಬಣ್ಣ ನೋಡಿ ಮೋಸ ಹೋಗಬೇಡಿ: ಒಣದ್ರಾಕ್ಷಿಯಲ್ಲಿ ಯಾವುದು ಯಾವುದು?

ಕೇಕ್ ಮಾಡುವ ವಿಧಾನ ಓದುತ್ತಿದ್ದೀರಿ. ಅದರಲ್ಲಿ 'ಸುಲ್ತಾನಾ 100 ಗ್ರಾಂ, ಕರಂಟ್ 50 ಗ್ರಾಂ' ಎಂದು ಬರೆದಿದೆ. ಅಂಗಡಿಗೆ ಹೋದರೆ ಕಪ್ಪು, ಕಂದು, ಹಳದಿ, ಹಸಿರು ಎಂದು ನಾಲ್ಕೈದು ಬಗೆ ಸಾಲಾಗಿ ಕೂತಿವೆ. ಒಂದರ ಮೇಲೆ ರೇಸಿನ್, ಇನ್ನೊಂದರ ಮೇಲೆ ಗೋಲ್ಡನ್ ರೇಸಿನ್, ಮತ್ತೊಂದರ ಮೇಲೆ ಕಿಶ್‌ಮಿಶ್. ಸುಲ್ತಾನಾ ಎಂಬ ಹೆಸರೇ ಕಾಣುವುದಿಲ್ಲ. ಈಗ ಯಾವುದನ್ನು ಕೊಳ್ಳುವುದು?

ಸುಮ್ನೆ ಯಾವುದೋ ಒಂದು ತಂದರೆ ಆಗಲ್ವಾ ಎಂದರೆ, ಎಷ್ಟೋ ಸಲ ಆಗುತ್ತದೆ. ಆದರೆ ಎಲ್ಲ ಸಲವೂ ಅಲ್ಲ. ಕೆಲವು ಬಗೆಯಲ್ಲಿ ಗಟ್ಟಿ ಬೀಜ ಇರುತ್ತದೆ. ಕೆಲವಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ, ಅದು ಆಸ್ತಮಾ ಇರುವ ಕೆಲವರಿಗೆ ಒಗ್ಗುವುದಿಲ್ಲ. ಇನ್ನು ಕೆಲವು ಪ್ಯಾಕೆಟ್‌ಗಳಲ್ಲಿ ಇರುವುದು ದ್ರಾಕ್ಷಿಯೇ ಅಲ್ಲ. ಹಾಗಾಗಿ ಕೈಯಲ್ಲಿರುವುದು ಏನು ಎಂದು ತಿಳಿದಿದ್ದರೆ ಒಳ್ಳೆಯದು.

## ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು

ಒಣದ್ರಾಕ್ಷಿ ಎಂದರೆ ನೀರು ಕಳೆದುಕೊಂಡ ದ್ರಾಕ್ಷಿ, ಅಷ್ಟೇ. ಗೊಂದಲ ಇರುವುದು ಹೆಸರುಗಳಲ್ಲಿ. ಕೆಲವು ಹೆಸರು ಬಳ್ಳಿಯ ತಳಿಯದ್ದು. ಕೆಲವು ಒಣಗಿಸಿದ ರೀತಿಯದ್ದು. ಕೆಲವು ಊರಿನದ್ದು, ಕೆಲವು ಬರೀ ಬಣ್ಣದ್ದು. ಇವೆಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಲು ಹೊರಟರೆ ತಲೆ ಕೆಡುತ್ತದೆ.

ಅದರ ಬದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಇದು ಯಾವ ದ್ರಾಕ್ಷಿ? ಇದನ್ನು ಹೇಗೆ ಒಣಗಿಸಿದ್ದಾರೆ?

ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಗಾತ್ರ, ಬೀಜ ಮತ್ತು ಪರಿಮಳ. ಎರಡನೆಯದಕ್ಕೆ ಉತ್ತರ ಕೊಡುವುದು ಬಣ್ಣ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ. ಬಣ್ಣ ನೋಡಿ ದ್ರಾಕ್ಷಿ ಯಾವುದೆಂದು ಊಹಿಸುತ್ತೇವೆ. ಕಪ್ಪಗಿದ್ದರೆ ಕಪ್ಪು ದ್ರಾಕ್ಷಿಯಿಂದ ಮಾಡಿದ್ದು, ಹಳದಿ ಇದ್ದರೆ ಹಸಿರು ದ್ರಾಕ್ಷಿಯಿಂದ ಮಾಡಿದ್ದು ಎಂದುಕೊಳ್ಳುತ್ತೇವೆ. ಜಗತ್ತಿನಲ್ಲಿ ಮಾರಾಟವಾಗುವ ಕಡು ಕಂದು ಒಣದ್ರಾಕ್ಷಿಯಲ್ಲಿ ದೊಡ್ಡ ಪಾಲು ತಿಳಿ ಹಸಿರು ದ್ರಾಕ್ಷಿಯಿಂದಲೇ ಬಂದದ್ದು.

## ಹಣ್ಣು ಒಣಗುವಾಗ ಒಳಗೆ ಏನಾಗುತ್ತದೆ?

ತಾಜಾ ದ್ರಾಕ್ಷಿಯಲ್ಲಿ ಸುಮಾರು ಶೇ. 80ರಷ್ಟು ನೀರು. ಒಣಗಿದ ಮೇಲೆ ಉಳಿಯುವುದು ಸುಮಾರು ಶೇ. 15. ಲೆಕ್ಕ ಹಾಕಿ ನೋಡಿ. 4 ಕಿಲೋ ಹಣ್ಣಿನಲ್ಲಿ ನೀರು ಬಿಟ್ಟು ಉಳಿದದ್ದು 800 ಗ್ರಾಂ. ಅದಕ್ಕೆ ಆ ಶೇ. 15 ತೇವ ಸೇರಿಸಿದರೆ 1 ಕಿಲೋಗೆ ಸ್ವಲ್ಪ ಕಡಿಮೆ ಒಣದ್ರಾಕ್ಷಿ ಸಿಗುತ್ತದೆ. ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ, ಒತ್ತೊತ್ತಾಗಿ ಉಳಿಯುತ್ತದೆ. ಒಣದ್ರಾಕ್ಷಿ ಬೇಗ ಕೆಡದಿರಲು ಇದೇ ಕಾರಣ. ಬೂಷ್ಟಿಗೂ ಬ್ಯಾಕ್ಟೀರಿಯಾಗಳಿಗೂ ಬದುಕಲು ಬೇಕಾದಷ್ಟು ನೀರು ಅಲ್ಲಿ ಸಿಗುವುದಿಲ್ಲ.

ಆದರೆ ದ್ರಾಕ್ಷಿ ಸುಲಭಕ್ಕೆ ನೀರು ಬಿಟ್ಟುಕೊಡುವ ಹಣ್ಣಲ್ಲ. ತಾಜಾ ದ್ರಾಕ್ಷಿಯ ಮೇಲೆ ಬೂದಿ ಬಳಿದಂತೆ ಒಂದು ಮಾಸಲು ಪೊರೆ ಇರುತ್ತದೆ, ಉಜ್ಜಿದರೆ ಹೋಗುತ್ತದೆ. ಕೆಲವರು ಅದನ್ನು ಔಷಧಿ ಸಿಂಪಡಿಸಿದ ಗುರುತು ಎಂದುಕೊಳ್ಳುತ್ತಾರೆ. ಅಲ್ಲ, ಅದು ಹಣ್ಣು ತಾನೇ ಮಾಡಿಕೊಂಡ ಮೇಣ. ಒಳಗಿನ ನೀರು ಆವಿಯಾಗದಂತೆ ಅದು ತಡೆಯುತ್ತದೆ. ಮೇಣ ಹಾಗೇ ಇದ್ದರೆ ಹಣ್ಣು ನಿಧಾನವಾಗಿ ಒಣಗುತ್ತದೆ, ಅದನ್ನು ಕದಲಿಸಿದರೆ ಬೇಗ ಒಣಗುತ್ತದೆ.

ಬೇಗ ಅಥವಾ ನಿಧಾನ ಎಂಬುದೇ ಬಣ್ಣವನ್ನು ತೀರ್ಮಾನಿಸುತ್ತದೆ. ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿಗೆ ಕಂದಾಗುವುದನ್ನು ನೋಡಿರುತ್ತೀರಿ ಅಲ್ವಾ? ಹಣ್ಣಿನ ಒಳಗಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಆ ಕೆಲಸ ಮಾಡುತ್ತದೆ. ಒಣಗುತ್ತಿರುವ ದ್ರಾಕ್ಷಿಯಲ್ಲೂ ಅದೇ ನಡೆಯುತ್ತದೆ. ಅದರ ಜೊತೆಗೆ ಬಿಸಿಲಿನ ಶಾಖಕ್ಕೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿಕೊಂಡು ಇನ್ನಷ್ಟು ಕಂದು ಬಣ್ಣ ಹುಟ್ಟಿಸುತ್ತವೆ. ಬಿಸಿಲಿನಲ್ಲಿ ಒಣಗಲು ಜಾಸ್ತಿ ದಿನ ಹಿಡಿದರೆ ಹಣ್ಣು ಕಡು ಕಂದು. ಬೇಗ ಒಣಗಿದರೆ ತಿಳಿ ಬಣ್ಣ. ಕಿಣ್ವವನ್ನೇ ಕಟ್ಟಿಹಾಕಿದರೆ ಚಿನ್ನದ ಬಣ್ಣ.

## ಒಂದೇ ದ್ರಾಕ್ಷಿ, ನಾಲ್ಕು ಮುಖ

ಜಗತ್ತಿನ ಒಣದ್ರಾಕ್ಷಿ ವ್ಯಾಪಾರವನ್ನು ಬಹುಪಾಲು ಹೊತ್ತು ನಿಂತಿರುವುದು ಒಂದೇ ಒಂದು ತಳಿ. ಬೀಜವಿಲ್ಲದ, ಉದ್ದುದ್ದ ಮೊಟ್ಟೆಯಾಕಾರದ, ತಿಳಿ ಹಸಿರು ದ್ರಾಕ್ಷಿ. ಟರ್ಕಿಯಲ್ಲಿ ಇದು ಸುಲ್ತಾನಾ. ಇರಾನ್, ಅಫ್ಗಾನಿಸ್ತಾನದ ಕಡೆ ಕಿಶ್‌ಮಿಶ್. ಅಮೆರಿಕದಲ್ಲಿ ಥಾಮ್ಸನ್ ಸೀಡ್‌ಲೆಸ್. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಥಾಮ್ಸನ್ ಎಂಬ ಬೆಳೆಗಾರ ಇದರ ಕಡ್ಡಿಗಳನ್ನು ತರಿಸಿ ಬೆಳೆಸಿದರು. ಅಲ್ಲಿಂದ ಅದು ಸುತ್ತಲೂ ಹರಡಿತು, ಹೆಸರೂ ಅವರದ್ದೇ ಉಳಿಯಿತು. ಬಳ್ಳಿ ಮಾತ್ರ ಹಳೆಯದೇ.

ಈ ಒಂದು ಹಣ್ಣಿನಿಂದ ನಾಲ್ಕು ಬಗೆಯ ಒಣದ್ರಾಕ್ಷಿ ಹೇಗೆ ಬರುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆದಂತೆ.

ಕಡು ಕಂದು, ಅಂದರೆ ಸಾದಾ ರೇಸಿನ್. ಹಣ್ಣಿಗೆ ಏನನ್ನೂ ಮಾಡುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಮುತ್ತ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಗೊಂಚಲು ಕೊಯ್ದು, ಬಳ್ಳಿಗಳ ಸಾಲಿನ ನಡುವೆ ಕಾಗದ ಹಾಸಿ ಹರಡುವುದು ರೂಢಿ. ಎರಡು ಮೂರು ವಾರ ಬಿಸಿಲಿನಲ್ಲೇ ಇರುತ್ತದೆ. ಈಗೀಗ ಕೊಂಬೆಯನ್ನು ಕತ್ತರಿಸಿ, ಗೊಂಚಲು ಬಳ್ಳಿಯ ಮೇಲೇ ಒಣಗಲು ಬಿಟ್ಟು, ಯಂತ್ರದಿಂದ ಉದುರಿಸಿಕೊಳ್ಳುವುದೂ ಇದೆ. ಮೇಣ ಹಾಗೇ ಇರುವುದರಿಂದ ನೀರು ನಿಧಾನವಾಗಿ ಹೋಗುತ್ತದೆ, ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಸಿಪ್ಪೆಯಲ್ಲಿ ಆಳವಾದ ಸುಕ್ಕು, ರುಚಿಯಲ್ಲಿ ಕಾಯಿಸಿದ ಸಕ್ಕರೆಯ ಛಾಯೆ. ಇದು ಒಣಗಿಯೂ ಜಿಗುಟಾಗುವುದು ಕಡಿಮೆ, ಏಕೆಂದರೆ ಮೇಣ ಇನ್ನೂ ಅದರ ಮೈಮೇಲಿದೆ.

ಜೇನು ಬಣ್ಣ, ಅಂದರೆ ಸುಲ್ತಾನಾ. ಹಣ್ಣನ್ನು ಹರಡುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಸ್ವಲ್ಪ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಿಂದೆ ಇದನ್ನು ಕಟ್ಟಿಗೆ ಬೂದಿಯ ನೀರಿನಿಂದ ಮಾಡುತ್ತಿದ್ದರು. ಈ ದ್ರಾವಣ ಮೇಣವನ್ನು ಕಿತ್ತು ಹಾಕುವುದಿಲ್ಲ. ಅದರ ಪದರಗಳ ಜೋಡಣೆಯನ್ನು ಕದಲಿಸಿ, ನೀರು ಹೊರಬರಲು ದಾರಿ ಮಾಡುತ್ತದೆ. ಆಗ ಒಣಗುವ ಕಾಲ ಅರ್ಧದಷ್ಟಾಗುತ್ತದೆ. ಕಂದಾಗುವುದೂ ಅರ್ಧಕ್ಕೇ ನಿಲ್ಲುತ್ತದೆ. ಸಿಪ್ಪೆ ಮೆತ್ತಗೆ, ಬಣ್ಣ ತಿಳಿ ಕಂದಿನಿಂದ ಜೇನಿನವರೆಗೆ. ಟರ್ಕಿಯ ಮನಿಸಾ ಪ್ರಾಂತ್ಯ ಇದಕ್ಕೆ ಹೆಸರುವಾಸಿ. ಅಲ್ಲಿಂದ ರಫ್ತಾಗುವ ಸುಲ್ತಾನಾಕ್ಕೆ ಬಣ್ಣದ ಪ್ರಕಾರ 7ರಿಂದ 11ರವರೆಗೆ ಸಂಖ್ಯೆ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಬಣ್ಣ ತಿಳಿ. ಆಸ್ಟ್ರೇಲಿಯಾದ ಮಿಲ್ಡುರಾ ಸುತ್ತಲೂ ಇದೇ ಬಗೆ ಅದ್ದಿ, ತಂತಿ ಬಲೆಯ ಅಟ್ಟಗಳ ಮೇಲೆ ಒಣಗಿಸುವ ರೂಢಿ ಬೆಳೆದಿದೆ.

ಚಿನ್ನದ ಹಳದಿ, ಅಂದರೆ ಗೋಲ್ಡನ್ ರೇಸಿನ್. ಇಲ್ಲಿ ಬಿಸಿಲಿಗೆ ಕೆಲಸವೇ ಇಲ್ಲ. ಹಣ್ಣನ್ನು ಬಿಸಿಯಾದ, ತೆಳು ಕ್ಷಾರದ ನೀರಿನಲ್ಲಿ ಒಂದು ಕ್ಷಣ ಅದ್ದುತ್ತಾರೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಮೂಡುತ್ತವೆ. ಆಮೇಲೆ ಗಂಧಕದ ಡೈಆಕ್ಸೈಡ್ ಅನಿಲಕ್ಕೆ ಒಡ್ಡುತ್ತಾರೆ. ಈ ಅನಿಲ ಕಂದು ಮಾಡುವ ಕಿಣ್ವವನ್ನು ತಡೆಯುತ್ತದೆ. ಕೊನೆಗೆ ಬಿಸಿಗಾಳಿಯ ಸುರಂಗದಲ್ಲಿ ಸುಮಾರು ಒಂದು ದಿನದಲ್ಲಿ ಒಣಗಿಸಿ ತೆಗೆಯುತ್ತಾರೆ. ಹಣ್ಣು ದುಂಡಗೆ, ಮೆದುವಾಗಿ, ಹೊಳೆಯುತ್ತಾ ಇರುತ್ತದೆ. ರುಚಿಯಲ್ಲಿ ಹುಳಿ ಸ್ವಲ್ಪ ಮುಂದಿರುತ್ತದೆ, ಏಕೆಂದರೆ ಕಂದಾಗುವಾಗ ಹುಟ್ಟುವ ಆ ಗಾಢ ರುಚಿ ಇದರಲ್ಲಿ ಬೆಳೆಯಲೇ ಇಲ್ಲ.

ಹಸಿರು. ಇದು ನೆರಳಿನಲ್ಲಿ ಒಣಗಿದ್ದು. ಚೀನಾದ ಷಿನ್‌ಜಿಯಾಂಗ್‌ನ ತುರ್ಪಾನ್‌ನಲ್ಲಿ ಮಣ್ಣಿನ ಇಟ್ಟಿಗೆಯ ಕಟ್ಟಡಗಳಿವೆ, ಗೋಡೆ ತುಂಬಾ ಕಿಂಡಿಗಳು. ಒಳಗೆ ಗೊಂಚಲುಗಳನ್ನು ಸಾಲಾಗಿ ನೇತು ಹಾಕುತ್ತಾರೆ. ವರ್ಷಕ್ಕೆ ಸುಮಾರು 16 ಮಿಲಿಮೀಟರ್ ಮಳೆ ಬೀಳುವ ಊರು ಅದು. ಬಿಸಿ ಒಣಗಾಳಿ ಕಿಂಡಿಗಳಲ್ಲಿ ನುಗ್ಗಿ, ಒಂದು ತಿಂಗಳ ಆಸುಪಾಸಿನಲ್ಲಿ ಹಣ್ಣು ಒಣಗುತ್ತದೆ. ಬಿಸಿಲು ನೇರವಾಗಿ ಬೀಳದ ಕಾರಣ ಹಸಿರು ಬಣ್ಣ ಬಹಳಷ್ಟು ಉಳಿಯುತ್ತದೆ. ಅಫ್ಗಾನಿಸ್ತಾನದಲ್ಲೂ ಇಂಥದೇ ಮಣ್ಣಿನ ಮನೆಗಳಿವೆ, ಹೆಸರು ಕಿಶ್‌ಮಿಶ್ ಖಾನಾ. ಅಲ್ಲಿನ ವ್ಯಾಪಾರಿಗಳು ಬಿಸಿಲಿನದ್ದನ್ನು ಆಫ್ತಾಬಿ, ನೆರಳಿನದ್ದನ್ನು ಸಾಯಗಿ ಎಂದು ಬೇರೆ ಮಾಡುತ್ತಾರೆ. ಬಣ್ಣದ ಹೆಸರಿಡದೆ ಒಣಗಿಸಿದ ರೀತಿಯ ಹೆಸರನ್ನೇ ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಪ್ರಾಮಾಣಿಕ ವಿಂಗಡಣೆ ಇದೇ.

ಒಂದು ಎಚ್ಚರಿಕೆ. ಹಸಿರು ಎಂದಾಕ್ಷಣ ಗಂಧಕ ಇಲ್ಲ ಎಂದು ಖಚಿತವಾಗಿ ಹೇಳಲಾಗದು. ಬಣ್ಣ ಉಳಿಸಲು ಹಸಿರು ಬಗೆಗೂ ಗಂಧಕ ಬಳಸುವುದುಂಟು. ಅದನ್ನು ಪ್ಯಾಕೆಟ್ ಓದಿಯೇ ತಿಳಿಯಬೇಕು.

## ಕರಂಟ್: ಚಿಕ್ಕದೇಕೆ?

ಇದರ ತಳಿಯೇ ಬೇರೆ. ಬ್ಲ್ಯಾಕ್ ಕೊರಿಂತ್ ಎಂಬ, ಬಟಾಣಿ ಕಾಳಿನಷ್ಟೂ ಇಲ್ಲದ ಕಪ್ಪು ದ್ರಾಕ್ಷಿ. ಗ್ರೀಸ್‌ನ ಕೊರಿಂತ್ ಪಟ್ಟಣದ ಹೆಸರು ಇದಕ್ಕೆ ಅಂಟಿದೆ. ಝಾಂಟೆ ಕರಂಟ್ ಎಂದು ಬರೆದಿದ್ದರೂ ಇದೇ. ಝಾಂಟೆ ಎಂದರೆ ಗ್ರೀಸ್‌ನ ಝಾಕಿಂತೋಸ್ ದ್ವೀಪ. ಒಣಗಿದ ಮೇಲೆ ಕೆಲವೇ ಮಿಲಿಮೀಟರ್ ಗಾತ್ರ, ನೀಲಿ ಮಿಶ್ರಿತ ಕಪ್ಪು ಬಣ್ಣ, ಸಿಹಿಯ ಹಿಂದೆಯೇ ಹುಳಿ.

ಇಷ್ಟು ಚಿಕ್ಕದಾಗಿರಲು ಕಾರಣ ಬೀಜ ಇಲ್ಲದಿರುವುದು. ಸುಲ್ತಾನಾದಲ್ಲೂ ಬೀಜ ಇಲ್ಲವಲ್ಲ, ಅದೇಕೆ ದೊಡ್ಡದು ಎಂದು ಕೇಳಬಹುದು. ಅಲ್ಲೊಂದು ವ್ಯತ್ಯಾಸ ಇದೆ. ಸುಲ್ತಾನಾದಲ್ಲಿ ಪರಾಗ ಸೇರಿ ಬೀಜ ಹುಟ್ಟಲು ಶುರುವಾಗುತ್ತದೆ, ಅರ್ಧದಲ್ಲಿ ನಿಂತುಹೋಗುತ್ತದೆ. ಅಷ್ಟರಲ್ಲೇ ಆ ಎಳೆ ಬೀಜ ಹಣ್ಣಿಗೆ ಬೆಳೆಯಲು ಬೇಕಾದ ಹಾರ್ಮೋನನ್ನು ಒಂದಿಷ್ಟು ಕೊಟ್ಟಿರುತ್ತದೆ. ಕರಂಟ್‌ನಲ್ಲಿ ಬೀಜ ಹುಟ್ಟುವ ಗೋಜೇ ಇಲ್ಲದೆ ಕಾಯಿ ಕಟ್ಟುತ್ತದೆ. ಬೆಳೆಯಲು ಹೇಳುವವರು ಒಳಗೆ ಯಾರೂ ಇಲ್ಲ, ಹಾಗಾಗಿ ಹಣ್ಣು ಚಿಕ್ಕದಾಗಿಯೇ ಉಳಿಯುತ್ತದೆ. ಕಾಯಿ ಉದುರದೆ ನಿಲ್ಲಲಿ ಎಂದು ಬೆಳೆಗಾರರು ಬಳ್ಳಿಯ ಕಾಂಡದ ಸುತ್ತ ತೊಗಟೆಯ ಸಣ್ಣ ಉಂಗುರವನ್ನು ಕೆತ್ತಿ ತೆಗೆಯುತ್ತಿದ್ದರು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಗೊಂಚಲಿನಲ್ಲೇ ನಿಲ್ಲಲಿ ಎಂಬುದು ಲೆಕ್ಕ. ಈಗ ಅದೇ ಹಾರ್ಮೋನನ್ನು, ಅಂದರೆ ಜಿಬರೆಲಿಕ್ ಆಮ್ಲವನ್ನು, ಸಿಂಪಡಿಸುವುದು ಜಾಸ್ತಿ.

ಈ ಪುಟ್ಟ ಹಣ್ಣು ಒಂದು ದೇಶದ ಖಜಾನೆಯನ್ನೇ ಅಲ್ಲಾಡಿಸಿದ್ದೂ ಇದೆ. 19ನೇ ಶತಮಾನದಲ್ಲಿ ಗ್ರೀಸ್‌ನ ಅತಿ ದೊಡ್ಡ ರಫ್ತು ಕರಂಟ್. ಫ್ರಾನ್ಸ್‌ನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಎಂಬ ಕೀಟ ಹಾಳು ಮಾಡಿದಾಗ, ಅಲ್ಲಿನ ವೈನ್ ತಯಾರಕರು ಗ್ರೀಸ್‌ನಿಂದ ಕರಂಟ್ ತರಿಸಿಕೊಂಡರು. ಗ್ರೀಸ್‌ನ ರೈತರು ಬೇರೆ ಬೆಳೆ ಬಿಟ್ಟು ಇದನ್ನೇ ನೆಟ್ಟರು. ಫ್ರಾನ್ಸ್‌ನ ತೋಟಗಳು ಚೇತರಿಸಿಕೊಂಡವು, ಆಮದಿನ ಮೇಲೆ ಸುಂಕ ಏರಿತು, ಬೆಲೆ ನೆಲಕಚ್ಚಿತು. 1893ರಲ್ಲಿ ಗ್ರೀಸ್ ಸಾಲ ತೀರಿಸಲಾಗದೆ ದಿವಾಳಿಯಾಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕರಂಟ್ ಬೆಲೆ ಬಿದ್ದದ್ದು ದೊಡ್ಡ ಪೆಟ್ಟು.

ಹೆಸರಿನಲ್ಲಿ ಇಲ್ಲೊಂದು ಬಲೆ ಇದೆ. ಬ್ಲ್ಯಾಕ್ ಕರಂಟ್, ರೆಡ್ ಕರಂಟ್ ಎಂಬ ಹಣ್ಣುಗಳಿಗೂ ಈ ಒಣದ್ರಾಕ್ಷಿಗೂ ಸಂಬಂಧವೇ ಇಲ್ಲ. ಅವು ಚಳಿ ಪ್ರದೇಶದ ಪೊದೆಗಳಲ್ಲಿ ಬಿಡುವ, ಗೂಸ್‌ಬೆರಿ ಜಾತಿಯ ಹಣ್ಣುಗಳು. ಶರಬತ್ತು, ಜಾಮ್‌ಗಳಲ್ಲಿ ಸಿಗುವುದು ಅವೇ. ಪ್ಯಾಕೆಟ್ ಮೇಲೆ 'ಒಣಗಿಸಿದ ಬ್ಲ್ಯಾಕ್ ಕರಂಟ್' ಎಂದಿದ್ದರೆ ಒಳಗಿನದು ಆ ಪೊದೆಯ ಹಣ್ಣಾಗಿರಬಹುದು, ಬರೀ ಕಪ್ಪು ಒಣದ್ರಾಕ್ಷಿಯೂ ಆಗಿರಬಹುದು. ಪದಾರ್ಥಗಳ ಪಟ್ಟಿಯಲ್ಲಿ 'ದ್ರಾಕ್ಷಿ' ಎಂಬ ಪದ ಇದೆಯೇ ನೋಡಿ.

## ಬೀಜ ಇರುವ ದೊಡ್ಡವು

ದೊಡ್ಡ ಗಾತ್ರ, ಕಚ್ಚಿದರೆ ಬೀಜ, ಜೊತೆಗೆ ಹೂವಿನಂಥ ಪರಿಮಳ. ಈ ಮೂರೂ ಸೇರಿದರೆ ಅದು ಮಸ್ಕಟ್ ಎಂದುಕೊಳ್ಳಬಹುದು. ತಳಿಯ ಪೂರ್ತಿ ಹೆಸರು ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ. ಸ್ಪೇನ್‌ನ ಮಾಲಗಾ ಪ್ರಾಂತ್ಯದ ಕಡಿದಾದ ಗುಡ್ಡಗಳಲ್ಲಿ ಇದನ್ನು ಬೆಳೆದು, ಬಿಸಿಲಿಗೆ ಮುಖ ಮಾಡಿದ ಇಳಿಜಾರು ಮಡಿಗಳ ಮೇಲೆ ಒಣಗಿಸುತ್ತಾರೆ. ಗೊಂಚಲಿನಿಂದ ಹಣ್ಣನ್ನು ಕತ್ತರಿಯಿಂದ ಒಂದೊಂದಾಗಿ ಬಿಡಿಸುವ ಪದ್ಧತಿ ಅಲ್ಲಿ ಇನ್ನೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಈ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ಮಾಲಗಾ ಮಸ್ಕಟ್ ಬಹಳ ರಸವಾಗಿರುತ್ತದೆ. ಬೀಜವಿಲ್ಲದ ಒಣದ್ರಾಕ್ಷಿಯಲ್ಲಿ ತೇವ ಶೇ. 18 ಮೀರಬಾರದು ಎನ್ನುವ ಅಂತರರಾಷ್ಟ್ರೀಯ ಮಾನದಂಡ, ಇದಕ್ಕೆ ಮಾತ್ರ ಶೇ. 31ರವರೆಗೆ ಬಿಡುತ್ತದೆ.

ಕ್ಯಾಲಿಫೋರ್ನಿಯಾದಲ್ಲೂ ಒಂದು ಕಾಲಕ್ಕೆ ಮಸ್ಕಟ್‌ನದ್ದೇ ಕಾರುಬಾರು. ಬೀಜ ತೆಗೆಯುವ ಕಿರಿಕಿರಿಯೇ ಇಲ್ಲದ ಥಾಮ್ಸನ್ ಬಂದ ಮೇಲೆ ಅದು ಹಿಂದೆ ಸರಿಯಿತು.

ಮುನಕ್ಕಾ ಎಂದು ಮಾರುವುದೂ ಸಾಮಾನ್ಯವಾಗಿ ಬೀಜ ಇರುವ ದೊಡ್ಡ ಒಣದ್ರಾಕ್ಷಿಯೇ. ಆದರೆ ಬ್ಲ್ಯಾಕ್ ಮೊನುಕ್ಕಾ ಎಂಬ ತಳಿ ಬೇರೆ ಇದೆ. ಅದೂ ದೊಡ್ಡದು, ಉದ್ದನೆಯದು, ಕೆಂಗಪ್ಪು. ಆದರೆ ಅದರಲ್ಲಿ ಗಟ್ಟಿ ಬೀಜ ಇರುವುದಿಲ್ಲ. ಹೆಸರು ಹತ್ತಿರವಿದೆ ಎಂದು ಒಂದೇ ಅಂದುಕೊಂಡರೆ ಹಲ್ಲಿಗೆ ಬೀಜ ಸಿಕ್ಕಾಗ ಗೊತ್ತಾಗುತ್ತದೆ.

ದ್ರಾಕ್ಷಿ ಬೀಜ ವಿಷವಲ್ಲ, ಕಹಿ ಅಷ್ಟೇ. ಆದರೂ ಚಿಕ್ಕ ಮಕ್ಕಳಿಗೆ ಕೊಡುವಾಗ ಬೀಜ ತೆಗೆದು, ಹಣ್ಣನ್ನು ಸಣ್ಣಗೆ ಹೆಚ್ಚಿ ಕೊಡುವುದು ಒಳ್ಳೆಯದು. ಬೀಜವಿಲ್ಲದ ಒಣದ್ರಾಕ್ಷಿಯೂ ಇಡಿಯಾಗಿದ್ದರೆ ಎಳೆ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು.

## ಹಾಗಾದರೆ ನಿಜವಾದ ಕಪ್ಪು ದ್ರಾಕ್ಷಿಯದ್ದು ಯಾವುದು?

ಕರಂಟ್ ಒಂದು. ಮೊನುಕ್ಕಾ ಇನ್ನೊಂದು. ಕೆಂಪು ದ್ರಾಕ್ಷಿಯಿಂದಲೂ ಮಾಡುತ್ತಾರೆ. ಅಮೆರಿಕದ ಕೃಷಿ ಇಲಾಖೆ 1973ರಲ್ಲಿ ಬಿಡುಗಡೆ ಮಾಡಿದ ಫ್ಲೇಮ್ ಸೀಡ್‌ಲೆಸ್ ತಳಿ ಒಣಗಿದರೆ ಕಡುಗೆಂಪಾಗುತ್ತದೆ. ಇವುಗಳ ಬಣ್ಣ ಹುಟ್ಟಿನಿಂದಲೇ ಸಿಪ್ಪೆಯಲ್ಲಿರುವುದು, ಬಿಸಿಲು ಕೊಟ್ಟದ್ದಲ್ಲ.

ಕಡು ಕಂದು ಥಾಮ್ಸನ್‌ನಿಂದ ಇವನ್ನು ಬೇರೆ ಮಾಡುವುದು ಹೇಗೆ? ಒಂದು ಹಣ್ಣನ್ನು ಅದುಮಿ ತೆಳುವಾಗಿಸಿ, ಜೋರು ಬೆಳಕಿಗೆ ಅಡ್ಡ ಹಿಡಿಯಿರಿ. ಥಾಮ್ಸನ್ ಆಗಿದ್ದರೆ ಅಂಚಿನಲ್ಲಿ ಕಂದು, ಜೇನು ಬಣ್ಣ ಕಾಣುತ್ತದೆ. ಕಪ್ಪು ದ್ರಾಕ್ಷಿಯದಾದರೆ ಕೆಂಪು ಅಥವಾ ನೇರಳೆ ಛಾಯೆ ಕಾಣಬಹುದು. ಬೆಚ್ಚಗಿನ ನೀರಿನಲ್ಲಿ ನೆನೆಸಿದಾಗಲೂ ಆ ಛಾಯೆ ನೀರಿಗೆ ಸ್ವಲ್ಪ ಇಳಿಯುವುದುಂಟು. ಹಳೆಯ ದಾಸ್ತಾನಿನಲ್ಲಿ ಬಣ್ಣ ಮಂಕಾಗಿರುವುದರಿಂದ ಈ ಪರೀಕ್ಷೆ ಯಾವಾಗಲೂ ನೇರ ಉತ್ತರ ಕೊಡುವುದಿಲ್ಲ.

## ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ

ಅಡುಗೆ ವಿಧಾನ ಓದುವವರನ್ನು ಜಾಸ್ತಿ ಕಾಡುವುದು ಇದು. ಬ್ರಿಟನ್ನಿನವರು ಬರೆದಿದ್ದರೆ ರೇಸಿನ್, ಸುಲ್ತಾನಾ, ಕರಂಟ್ ಮೂರೂ ಬೇರೆ ಬೇರೆ ವಸ್ತು. ಅಮೆರಿಕದವರು ಬರೆದಿದ್ದರೆ ರೇಸಿನ್ ಎಂದರೆ ಕಡು ಕಂದು ಥಾಮ್ಸನ್. ತಿಳಿ ಬಣ್ಣದ್ದು ಬೇಕಿದ್ದರೆ ಅವರು ಕೇಳುವುದು ಗೋಲ್ಡನ್ ರೇಸಿನ್. ಸುಲ್ತಾನಾ ಎಂಬ ಪದ ಅಲ್ಲಿ ಅಷ್ಟಾಗಿ ಓಡುವುದಿಲ್ಲ. ಹಾಗಾಗಿ ಬ್ರಿಟಿಷ್ ವಿಧಾನದ ಸುಲ್ತಾನಾಕ್ಕೆ ಅಮೆರಿಕದಲ್ಲಿ ಸಿಗುವ ಹತ್ತಿರದ ನೆಂಟ ಗೋಲ್ಡನ್ ರೇಸಿನ್. ಎರಡೂ ಒಂದೇ ಅಲ್ಲ, ಒಂದನ್ನು ಬಿಸಿಲಿನಲ್ಲಿ ಒಣಗಿಸಿದ್ದು, ಇನ್ನೊಂದನ್ನು ಗಂಧಕ ಕೊಟ್ಟು ಸುರಂಗದಲ್ಲಿ ಒಣಗಿಸಿದ್ದು. ಆದರೆ ಕೇಕ್ ಒಳಗೆ ಹೋದ ಮೇಲೆ ಗುರುತಿಸುವುದು ಕಷ್ಟ.

## ಪ್ಯಾಕೆಟ್ ಕೈಗೆತ್ತಿಕೊಂಡಾಗ

ಮೊದಲು ಗಾತ್ರ ನೋಡಿ. ತೀರಾ ಪುಟ್ಟದಾಗಿ, ಕಪ್ಪಗೆ, ಎಲ್ಲವೂ ಒಂದೇ ಸಮ ಇದ್ದರೆ ಕರಂಟ್. ಮಧ್ಯಮ ಗಾತ್ರ, ಉದ್ದನೆಯ ಆಕಾರ ಇದ್ದರೆ ಬಹುತೇಕ ಥಾಮ್ಸನ್, ಅಂದರೆ ಸುಲ್ತಾನಾ ತಳಿ. ತುಂಬಾ ದೊಡ್ಡದಿದ್ದರೆ ಒಂದನ್ನು ಬೆರಳಲ್ಲಿ ಹಿಸುಕಿ ಬೀಜ ಇದೆಯೇ ನೋಡಿ. ಇಷ್ಟು ಆದ ಮೇಲೆ ಬಣ್ಣಕ್ಕೆ ಬನ್ನಿ, ಅದು ಒಣಗಿಸಿದ ರೀತಿ ಹೇಳುತ್ತದೆ.

ಪದಾರ್ಥಗಳ ಪಟ್ಟಿ ಕಣ್ಣಿಗಿಂತ ಜಾಸ್ತಿ ಹೇಳುತ್ತದೆ. ಬರೀ 'ಒಣದ್ರಾಕ್ಷಿ' ಎಂದಿದ್ದರೆ ಸಾದಾ ಬಿಸಿಲಿನದ್ದು ಇರಬಹುದು. 'ಸಸ್ಯಜನ್ಯ ಎಣ್ಣೆ' ಎಂದಿದ್ದರೆ ಗಾಬರಿ ಬೇಡ, ಕಾಳುಗಳು ಒಂದಕ್ಕೊಂದು ಅಂಟದಿರಲಿ ಎಂದು ತೆಳುವಾಗಿ ಸವರಿರುತ್ತಾರೆ. ಸುಲ್ತಾನಾದಲ್ಲಿ ಇದು ಮಾಮೂಲು. 'ಸಲ್ಫರ್ ಡೈಆಕ್ಸೈಡ್', 'ಇ220' ಅಥವಾ 'ಐಎನ್‌ಎಸ್ 220' ಎಂದಿದ್ದರೆ ಗಂಧಕ ಕೊಟ್ಟಿದ್ದಾರೆ ಎಂದರ್ಥ. ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಲೇಬಲ್ ಮೇಲೆ ತಿಳಿಸಲೇಬೇಕು ಎಂಬ ನಿಯಮ ಯುರೋಪ್, ಅಮೆರಿಕ ಎರಡೂ ಕಡೆ ಇದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಮಾತ್ರ ಉಬ್ಬಸ ಕೆರಳಬಹುದು. ಅಂಥವರು ಕಡು ಕಂದು ಬಗೆಯನ್ನು ಆರಿಸಿ, ಆಗಲೂ ಲೇಬಲ್ ಓದುವುದು ಒಳ್ಳೆಯದು.

'ಸಕ್ಕರೆ' ಎಂದು ಬರೆದಿದ್ದರೆ ಅನುಮಾನ ಪಡಿ. ದ್ರಾಕ್ಷಿಗೆ ಹೊರಗಿನ ಸಕ್ಕರೆ ಬೇಕಿಲ್ಲ. ಕ್ರ್ಯಾನ್‌ಬೆರಿ ಮಾತ್ರ ತೀರಾ ಹುಳಿ, ಒಗರು. ಅದನ್ನು ಒಣಗಿಸುವಾಗ ಸಾಮಾನ್ಯವಾಗಿ ಸಕ್ಕರೆ ಪಾಕ ಹೀರಿಸುತ್ತಾರೆ. ಒಣದ್ರಾಕ್ಷಿಯ ಪಕ್ಕದಲ್ಲೇ ಇಟ್ಟಿರುವ ಆ ಹೊಳೆಯುವ ಕೆಂಪು ಹಣ್ಣು ಅದೇ.

## ಮೇಲೆ ಬಿಳಿ ಬಿಳಿಯಾಗಿದ್ದರೆ?

ಹಳೆಯ ಪ್ಯಾಕೆಟ್ ತೆರೆದಾಗ ಒಣದ್ರಾಕ್ಷಿಯ ಮೇಲೆ ಬಿಳಿ ಕಣಗಳು ಕಾಣಬಹುದು. ಬಹಳ ಸಲ ಅದು ಸಕ್ಕರೆ. ಒಳಗಿನ ಗ್ಲೂಕೋಸ್ ಹೊರಬಂದು ಹರಳುಗಟ್ಟಿರುತ್ತದೆ. ಬೆಚ್ಚಗಿನ ನೀರಿಗೆ ಹಾಕಿದರೆ ಕರಗಿ ಮಾಯವಾಗುತ್ತದೆ. ಕಚ್ಚಿದಾಗ ಮರಳಿನಂತೆ ಕರಕರ ಎಂದರೆ ಅದು ಟಾರ್ಟಾರಿಕ್ ಆಮ್ಲದ ಲವಣದ ಹರಳೂ ಆಗಿರಬಹುದು. ಅದೂ ದ್ರಾಕ್ಷಿಯ ಒಳಗಿನದೇ. ಎಳೆ ಎಳೆಯಾಗಿ, ಹತ್ತಿಯಂತೆ ಇದ್ದು, ಮುಗ್ಗಲು ವಾಸನೆ ಬಂದರೆ ಮಾತ್ರ ಬೂಷ್ಟು. ಎಸೆದುಬಿಡಿ.

ಗೋಲ್ಡನ್ ರೇಸಿನ್ ಕೊಂಡು ತುಂಬಾ ದಿನ ಆಗಿದ್ದರೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗಂಧಕದ ಪ್ರಭಾವ ಕಡಿಮೆಯಾದಂತೆ ಹೀಗಾಗುತ್ತದೆ. ಬಣ್ಣ ಹೋದಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಹಳೆಯದಾಗಿದೆ ಎಂದು. ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟರೆ ಇದು ತಡವಾಗುತ್ತದೆ.

## ಯಾವುದು ಜಾಸ್ತಿ ಒಳ್ಳೆಯದು?

ಪೌಷ್ಟಿಕತೆಯಲ್ಲಿ ದೊಡ್ಡ ಅಂತರ ಹುಡುಕಬೇಡಿ. ಯಾವ ಬಗೆಯಾದರೂ 100 ಗ್ರಾಂಗೆ ಸುಮಾರು 300 ಕ್ಯಾಲೊರಿ, ಅದರಲ್ಲಿ 60 ಗ್ರಾಂಗೂ ಮೀರಿ ಸಕ್ಕರೆ. ತಾಜಾ ದ್ರಾಕ್ಷಿಯಲ್ಲಿದ್ದ ಅಲ್ಪಸ್ವಲ್ಪ ಸಿ ಜೀವಸತ್ವ ಒಣಗುವಾಗ ಬಹುಪಾಲು ಹೋಗುತ್ತದೆ. ಗಂಧಕ ಕೊಟ್ಟದ್ದರಲ್ಲಿ ಬಿ1 ಜೀವಸತ್ವವೂ ಕಡಿಮೆಯಾಗುತ್ತದೆ. ಬಣ್ಣ ನೋಡಿ ಆರೋಗ್ಯದ ಲೆಕ್ಕ ಹಾಕುವುದಕ್ಕಿಂತ ರುಚಿ ನೋಡಿ ಆರಿಸುವುದು ಸರಿ.

ಅಡುಗೆಯಲ್ಲಿ ಒಂದರ ಬದಲು ಇನ್ನೊಂದು ಹಾಕಬಹುದೇ ಎಂದರೆ, ಕಡು ಕಂದು, ಸುಲ್ತಾನಾ, ಗೋಲ್ಡನ್ ಮೂರನ್ನೂ ಅಷ್ಟೇ ಪ್ರಮಾಣದಲ್ಲಿ ಬದಲಾಯಿಸಬಹುದು. ತಿಳಿ ಬಣ್ಣದ ಹಿಟ್ಟಿನಲ್ಲಿ ಗೋಲ್ಡನ್ ಚೆನ್ನಾಗಿ ಕಾಣುತ್ತದೆ. ಕಡು ಕಂದನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಹಾಕಿ, ಇಲ್ಲದಿದ್ದರೆ ಅದು ಹಿಟ್ಟಿನ ತೇವವನ್ನೇ ಹೀರುತ್ತದೆ. ಕರಂಟ್ ಇಲ್ಲದಿದ್ದರೆ ಕಡು ಕಂದನ್ನು ಸಣ್ಣಗೆ ಹೆಚ್ಚಿ ಹಾಕಿ. ಅದರ ಹುಳಿ ಸಿಗದು, ಆದರೆ ಎಲ್ಲ ತುತ್ತಿಗೂ ಒಂದೊಂದು ಚೂರು ಸಿಗುತ್ತದೆ. ಮಸ್ಕಟ್‌ನ ಪರಿಮಳಕ್ಕೆ ಮಾತ್ರ ಬದಲಿ ಇಲ್ಲ.

ಮನೆಯಲ್ಲಿ ನಾಯಿ ಇದ್ದವರಿಗೆ ಒಂದು ಮಾತು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲವು. ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಎಂದು 2021ರಿಂದ ಪಶುವೈದ್ಯರು ಶಂಕಿಸುತ್ತಿದ್ದಾರೆ. ಇಲ್ಲಿ ಬಣ್ಣ, ತಳಿ, ಒಣಗಿಸಿದ ರೀತಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹೆಸರಲ್ಲಿ ದ್ರಾಕ್ಷಿ ಎಂಬ ಸುಳಿವೇ ಇಲ್ಲದ ಸುಲ್ತಾನಾ, ಕರಂಟ್‌ಗಳೂ ಅಷ್ಟೇ ಅಪಾಯ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆಯಾಗುತ್ತದೆ. ಹಾಗಾಗಿ ಒಂದೆರಡು ತಿಂದರೂ ಕಾದು ನೋಡದೆ ಪಶುವೈದ್ಯರಿಗೆ ಫೋನ್ ಮಾಡಿ, ಪ್ಯಾಕೆಟ್ ಕೈಯಲ್ಲೇ ಇರಲಿ.